ಹುಳು ಮನೆಯ ತೇವಾಂಶ ಸೆನ್ಸರ್ 99.9ರಲ್ಲೇ ನಿಂತಿದೆ, ಫಾಗರ್ ಚಾಲೂ ಆಗುತ್ತಿಲ್ಲ

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ನಮ್ಮ ರೇಷ್ಮೆ ಹುಳು ಮನೆಗೆಂದು ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್), ತೇವಾಂಶ ಮತ್ತು ಉಷ್ಣತೆ ಅಳೆಯುವ ಡಿಎಚ್‌ಟಿ22 ಸೆನ್ಸರ್ ಮತ್ತು ಮೋಟಾರನ್ನು ಚಾಲೂ-ಬಂದ್ ಮಾಡುವ ಒಂದು ರಿಲೇ ಸೇರಿಸಿ ತೇವಾಂಶ ನಿಯಂತ್ರಕ ಮಾಡಿದ್ದೇನೆ. ತೇವಾಂಶ ಶೇ 70ಕ್ಕಿಂತ ಕೆಳಗಿಳಿದರೆ ಫಾಗರ್ (ನೀರನ್ನು ಮಂಜಿನಂತೆ ಸಿಂಪಡಿಸುವ ಯಂತ್ರ) ಮೋಟಾರ್ ಚಾಲೂ ಆಗಬೇಕು, 78 ತಲುಪಿದಾಗ ನಿಲ್ಲಬೇಕು. ಎರಡು ಬೆಳೆಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಈ ಬೆಳೆಯಲ್ಲಿ ಸೆನ್ಸರ್ ಹಗಲು ರಾತ್ರಿ 99.9 ಎಂದೇ ತೋರಿಸುತ್ತಿರುವುದರಿಂದ ಫಾಗರ್ ಒಮ್ಮೆಯೂ ಓಡಿಲ್ಲ. ಉಷ್ಣತೆ ಮಾತ್ರ 26 ಡಿಗ್ರಿ ಎಂದು ಸರಿಯಾಗಿಯೇ ಬರುತ್ತಿದೆ. ಗೋಡೆಯ ಮೇಲಿರುವ ಒಣ ಮತ್ತು ಒದ್ದೆ ಬತ್ತಿಯ ಥರ್ಮಾಮೀಟರುಗಳು 26 ಮತ್ತು 22 ತೋರಿಸುತ್ತಿವೆ.

ನಾಲ್ಕು ಮೀಟರ್ ವೈರನ್ನು ಬದಲಿಸಿದೆ, 10 ಕಿಲೋ ಓಮ್ ಪುಲ್-ಅಪ್ ರೆಸಿಸ್ಟರ್ (ಡೇಟಾ ವೈರಿನ ವೋಲ್ಟೇಜ್ ಎತ್ತಿ ಹಿಡಿಯುವುದು) ತೆಗೆದು 4.7 ಕಿಲೋ ಓಮ್ ಹಾಕಿದೆ, ಪ್ರೋಗ್ರಾಂ ಮತ್ತೊಮ್ಮೆ ತುಂಬಿದೆ. ಏನೂ ಬದಲಾಗಲಿಲ್ಲ. ಹುಳುಗಳು ಮೂರನೇ ಜ್ವರ (ಪೊರೆ ಕಳಚುವ ಹಂತ) ಮುಗಿಸಿ ಎದ್ದಿವೆ, ಹಾಕಿದ ಸೊಪ್ಪು ಬೇಗ ಬಾಡುತ್ತಿದೆ, ಅಪ್ಪ ಕಿಟಕಿಗಳಿಗೆ ಗೋಣಿ ತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದಾರೆ. ತಪ್ಪು ಪ್ರೋಗ್ರಾಮಿನಲ್ಲಿದೆಯೋ ಸೆನ್ಸರಿನಲ್ಲಿದೆಯೋ ಎಂದು ತಿಳಿಯುವುದು ಹೇಗೆ?

ಉತ್ತರ (ಚಿಕ್ಕಬಳ್ಳಾಪುರದಿಂದ)

ಪ್ರೋಗ್ರಾಂ ಮತ್ತು ವೈರು ಎರಡನ್ನೂ ಸದ್ಯಕ್ಕೆ ಬಿಡಿ. ಡಿಎಚ್‌ಟಿ22 ಪ್ರತಿ ಸಲ 40 ಬಿಟ್ ಕಳುಹಿಸುತ್ತದೆ: 16 ತೇವಾಂಶಕ್ಕೆ, 16 ಉಷ್ಣತೆಗೆ, ಕೊನೆಯ 8 ಬಿಟ್ ಇವೆರಡರ ತಾಳೆ ನೋಡಲು. ವೈರಿನಲ್ಲಿ ದೋಷವಿದ್ದರೆ ತಾಳೆ ತಪ್ಪಿ ಓದುವಿಕೆಯೇ ವಿಫಲವಾಗುತ್ತಿತ್ತು. ಉಷ್ಣತೆ ಸರಿಯಾಗಿದ್ದು ತೇವಾಂಶವೊಂದೇ ಒಂದು ಅಂಕಿಗೆ ಅಂಟಿಕೊಂಡು ನಿಲ್ಲುತ್ತಿರಲಿಲ್ಲ. ನಿಮ್ಮ ಗೋಡೆಯ ಥರ್ಮಾಮೀಟರುಗಳ ನಾಲ್ಕು ಡಿಗ್ರಿ ಅಂತರಕ್ಕೆ ತೇವಾಂಶ ಸುಮಾರು ಶೇ 70 ಆಗುತ್ತದೆ. ಆದ್ದರಿಂದ ಕೆಟ್ಟಿರುವುದು ಸೆನ್ಸರಿನೊಳಗಿನ, ತೇವ ಹೀರಿ ಅಳೆಯುವ ಪದರ ಎಂಬುದು ನನ್ನ ಅಭಿಪ್ರಾಯ.

ಎರಡು ವಿಷಯ ತಿಳಿಸಿ. ಸೆನ್ಸರ್ ಫಾಗರ್ ನಾಜಲ್‌ನಿಂದ ಎಷ್ಟು ದೂರದಲ್ಲಿದೆ? ಹಿಂದಿನ ಬೆಳೆ ಮುಗಿದ ಮೇಲೆ ಮನೆಗೆ ಸೋಂಕು ನಿವಾರಕ ಹೊಡೆದಾಗ ಅದು ಒಳಗೇ ಇತ್ತೇ?

ಈ ನಡುವೆ ಉಪ್ಪಿನ ಪರೀಕ್ಷೆ ಮಾಡಿ. ಇದಕ್ಕೆ ಖರ್ಚೇನೂ ಇಲ್ಲ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರಿನ ಹನಿ ಬಿಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ವೈರು ಹೊರಬರುವ ಕಡೆ ಮೇಣ ಮೆತ್ತಿ, ಬಿಸಿಲು ಬೀಳದ ಜಾಗದಲ್ಲಿ ರಾತ್ರಿಯಿಡೀ ಬಿಡಿ. ನಮ್ಮ ಕೋಣೆಗಳ ಉಷ್ಣತೆಯಲ್ಲಿ ಆ ಡಬ್ಬಿಯೊಳಗಿನ ತೇವಾಂಶ ಶೇ 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೆನ್ಸರ್ ಎಷ್ಟು ಹೆಚ್ಚು ತೋರಿಸುತ್ತದೆಯೋ ಅಷ್ಟು ಅದರ ತಪ್ಪು.

ಪ್ರಶ್ನೆ ಕೇಳಿದವರಿಂದ

ಸರ್, ಸೆನ್ಸರ್ ನಾಜಲ್‌ಗೆ ಎರಡೇ ಅಡಿ ದೂರದಲ್ಲಿ ತೂಗುತ್ತಿತ್ತು. ಫಾರ್ಮಲಿನ್ ಹೊಡೆದು ಮನೆಯನ್ನು ಇಡೀ ದಿನ ಮುಚ್ಚಿದ್ದಾಗಲೂ ಅಲ್ಲೇ ಇತ್ತು. ತೆಗೆದಿಡಬೇಕೆಂದು ನನಗೆ ಹೊಳೆಯಲಿಲ್ಲ. ಉಪ್ಪಿನ ಡಬ್ಬಿಯಲ್ಲಿ ಹನ್ನೆರಡು ಗಂಟೆಯ ನಂತರ 94 ತೋರಿಸಿತು.

ಉತ್ತರ (ಚಿಕ್ಕಬಳ್ಳಾಪುರದಿಂದ)

ಹಾಗಿದ್ದರೆ ಕಾರಣ ಸ್ಪಷ್ಟವಾಯಿತು. ಮಂಜಿನ ಹನಿ ಮೇಲೆ ಕುಳಿತದ್ದಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಫಾರ್ಮಲಿನ್ ಆವಿ ಇರಬೇಕು, ಏಕೆಂದರೆ ಇಂಥ ಆವಿ ಪದರದೊಳಗೆ ಸೇರಿದರೆ ಬೇಗ ಹೊರಬರುವುದಿಲ್ಲ. ಸುಮಾರು 50 ಡಿಗ್ರಿಯ ಒಣ ಗಾಳಿಯಲ್ಲಿ ಎರಡು ಗಂಟೆ ಇಟ್ಟು, ನಂತರ ಶೇ 70 ದಾಟಿದ ತೇವದಲ್ಲಿ ಐದು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಸುಧಾರಿಸದಿದ್ದರೆ ಪ್ರೋಗ್ರಾಮಿನಲ್ಲಿ 19 (94ಕ್ಕೂ 75ಕ್ಕೂ ಇರುವ ಅಂತರ) ಕಳೆದು ನಿಭಾಯಿಸಲು ಹೋಗಬೇಡಿ. ಆ ತಪ್ಪು ಎಲ್ಲ ತೇವಾಂಶದಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಬದಲಿಗೆ ಎಸ್‌ಎಚ್‌ಟಿ31 ತೆಗೆದುಕೊಳ್ಳಿ. ಅದರೊಳಗೇ ಪುಟ್ಟ ಹೀಟರ್ ಇದೆ, ಮೇಲೆ ಕುಳಿತ ತೇವವನ್ನು ಆರಿಸಿಕೊಳ್ಳಬಹುದು. ಆದರೆ ಅದು ಐ2ಸಿ ಸೆನ್ಸರ್, ಅಂದರೆ ಹತ್ತಿರದ ಚಿಪ್‌ಗಳ ನಡುವಿನ ಸಂಪರ್ಕಕ್ಕೆಂದೇ ಇರುವ ವಿಧಾನದಲ್ಲಿ ಮಾಹಿತಿ ಕಳುಹಿಸುತ್ತದೆ. ನಾಲ್ಕು ಮೀಟರ್ ವೈರು ಅದಕ್ಕೆ ಒಗ್ಗುವುದಿಲ್ಲ, ಬೋರ್ಡನ್ನೇ ಹತ್ತಿರ ತನ್ನಿ. ಪ್ರೋಗ್ರಾಮಿನಲ್ಲಿ ಇನ್ನೊಂದು ಸಾಲು ಸೇರಿಸಿ: ಅರ್ಧ ಗಂಟೆ ಸತತವಾಗಿ 98ಕ್ಕಿಂತ ಮೇಲಿದ್ದರೆ ಅದನ್ನು ತೇವಾಂಶವೆಂದು ನಂಬದೆ ದೋಷವೆಂದು ಪರಿಗಣಿಸಿ ಬಜರ್ ಕೂಗಿಸಬೇಕು.

ಉತ್ತರ (ಚಿಂತಾಮಣಿಯಿಂದ)

ನಾನು ರೇಷ್ಮೆ ಬೆಳೆಗಾರ. ಸರ್ಕ್ಯೂಟ್ ನನಗೆ ಗೊತ್ತಿಲ್ಲ. ಸೆನ್ಸರನ್ನು ಹುಳುವಿರುವ ತಟ್ಟೆಯ ಎತ್ತರದಲ್ಲೇ ಕಟ್ಟಪ್ಪ, ಮೇಲಿನ ಗಾಳಿಗೂ ತಟ್ಟೆಯ ಗಾಳಿಗೂ ವ್ಯತ್ಯಾಸವಿರುತ್ತದೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಸುಣ್ಣ ಹಾಕುವುದೂ ಅದಕ್ಕೇ. ಆಗ ಫಾಗರ್ ತಾನಾಗಿ ಓಡದಂತೆ ಕೈಯಿಂದ ನಿಲ್ಲಿಸುವ ಸ್ವಿಚ್ ಒಂದಿರಲಿ.

ಪ್ರಶ್ನೆ ಕೇಳಿದವರಿಂದ

ಒಣಗಿಸಿದ ಮೇಲೂ ಹಳೆಯ ಸೆನ್ಸರ್ ಉಪ್ಪಿನ ಡಬ್ಬಿಯಲ್ಲಿ 88 ತೋರಿಸಿತು, ಹಾಗಾಗಿ ಬಿಟ್ಟುಬಿಟ್ಟೆ. ಎಸ್‌ಎಚ್‌ಟಿ31 ಅದೇ ಡಬ್ಬಿಯಲ್ಲಿ 74 ತೋರಿಸಿದೆ. ಅದನ್ನು ನಾಜಲ್‌ನಿಂದ ಎಂಟು ಅಡಿ ದೂರದಲ್ಲಿ, ನಡುವಿನ ತಟ್ಟೆಯ ಮಟ್ಟದಲ್ಲಿ ಕಟ್ಟಿದ್ದೇನೆ. ನಿನ್ನೆ ಸಂಜೆಯಿಂದ ಫಾಗರ್ ತಾನೇ ಓಡಿ ತಾನೇ ನಿಲ್ಲುತ್ತಿದೆ. ಅಣ್ಣನವರು ಹೇಳಿದ ಜ್ವರದ ಸ್ವಿಚ್ಚನ್ನು ಬಾಗಿಲ ಪಕ್ಕದಲ್ಲಿಟ್ಟಿದ್ದೇನೆ. ಸೋಂಕು ನಿವಾರಕ ಹೊಡೆಯುವ ಮೊದಲು ಕಳಚಲು ಅನುಕೂಲವಾಗಲೆಂದು ಸೆನ್ಸರಿಗೆ ನಾಲ್ಕು ಪಿನ್ನಿನ ಕನೆಕ್ಟರ್ ಹಾಕಿದ್ದೇನೆ.