ಸ್ಪ್ರೇ ಮಾಡಿದ ದಿನವೆಲ್ಲ ತಲೆನೋವು, ಸ್ಟೆನ್ಸಿಲ್ ಅಂಚೂ ಸೋರುತ್ತಿದೆ

ಪ್ರಶ್ನೆ: ಮೇಡಂ, ಮೂರು ತಿಂಗಳಿಂದ ಗೋಡೆ ಚಿತ್ರ ಕಲಿಯುತ್ತಿದ್ದೇನೆ. ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆ) ಎತ್ತಿದರೆ ಅಂಚೆಲ್ಲ ಬಣ್ಣ ಸೋರಿರುತ್ತದೆ. ಸಂಜೆ ತಲೆ ಸಿಡಿಯುತ್ತದೆ. ಬಟ್ಟೆ ಮಾಸ್ಕ್ ಹಾಕಿಕೊಂಡೇ ಮಾಡುತ್ತೇನೆ.

ಉತ್ತರ: ಮೊದಲು ತಲೆನೋವು, ಅಂಚು ಆಮೇಲೆ. ಕ್ಯಾನ್‌ನಲ್ಲಿ ಬಣ್ಣದ ಜೊತೆ ಅಸಿಟೋನ್, ಜೈಲೀನ್ ಥರದ ದ್ರಾವಕಗಳು ಇರುತ್ತವೆ. ಬಟ್ಟೆ ಮಾಸ್ಕ್ ಹನಿಯನ್ನು ಅಷ್ಟಿಷ್ಟು ತಡೆಯಬಹುದು, ಆವಿ ಮಾತ್ರ ಸೀದಾ ಒಳಗೆ ಹೋಗುತ್ತದೆ. ಎನ್95 ಹಾಕಿದರೂ ಅದೇ ಕತೆ. ನಿಮಗೆ ಬೇಕಾದ್ದು ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮಾಸ್ಕ್, ಅದರ ಕಾರ್ಟ್ರಿಡ್ಜ್ (ಆವಿ ಹೀರಿಕೊಳ್ಳುವ ಡಬ್ಬಿ) ಮೇಲೆ 'ಆರ್ಗ್ಯಾನಿಕ್ ವೇಪರ್' ಅಂತ ಇರಬೇಕು, ಮೇಲೊಂದು ಕಣ ತಡೆಯುವ ಫಿಲ್ಟರ್ ಬೇಕು. ಗಡ್ಡ ಇದ್ದರೆ ಸಂದು ಬೀಳುತ್ತದೆ. ಹಾಕಿಕೊಂಡ ಮೇಲೂ ವಾಸನೆ ಬಂದರೆ ಒಂದೋ ಸಂದಿದೆ, ಇಲ್ಲಾ ಕಾರ್ಟ್ರಿಡ್ಜ್ ಮುಗಿದಿದೆ. ನಾನು ಎರಡು ವರ್ಷ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡಿದೆ. ಸೀನಿದರೆ ನೀಲಿ ಬರುತ್ತಿತ್ತು. ಅದನ್ನೇ ದೊಡ್ಡ ಕಲಾವಿದೆಯ ಗುರುತು ಅಂದುಕೊಂಡಿದ್ದೆ ಬೇರೆ!

ಇನ್ನು ಅಂಚು. ನೀವು ಕ್ಯಾನನ್ನು ತೀರಾ ಹತ್ತಿರ ಹಿಡಿದು ಒಂದೇ ಸಲಕ್ಕೆ ತುಂಬುತ್ತಿದ್ದೀರಿ ಅನಿಸುತ್ತದೆ. ಒಂದು ಗೇಣು ದೂರ ಇರಲಿ. ಗೋಡೆಗೆ ನೇರವಾಗಿ ಹೊಡೆಯಿರಿ, ಓರೆಯಾಗಿ ಹೊಡೆದರೆ ಹಾಳೆಯ ಅಡಿಗೆ ನುಗ್ಗುತ್ತದೆ. ತೆಳುವಾಗಿ ಒಂದು ಕೋಟ್, ಸ್ವಲ್ಪ ಆರಿದ ಮೇಲೆ ಇನ್ನೊಂದು.

ಪ್ರಶ್ನೆ: ನಮ್ಮ ಅಕ್ಷರ ಕತ್ತರಿಸುವಾಗ ಒಳಗಿನ ತುಂಡು ಉದುರಿ ಹೋಗುತ್ತದಲ್ವಾ? 'ಠ' ಅಂತೂ ಬರಿ ತೂತು.

ಉತ್ತರ: ದುಂಡಕ್ಷರದ ಪಾಡೇ ಅದು. ಒಳಗಿನ ತುಂಡನ್ನು ಹೊರಗಿನ ಹಾಳೆಗೆ ಹಿಡಿದಿಡಲು ಎರಡು ಕಡೆ ಸಣ್ಣ ಪಟ್ಟಿ ಬಿಡಿ. ಗೋಡೆ ಮೇಲೆ ಗೆರೆ ಅಲ್ಲಲ್ಲಿ ತುಂಡಾಗಿ ಕಾಣುತ್ತದೆ, ಪರವಾಗಿಲ್ಲ, ಕಣ್ಣು ಸೇರಿಸಿಕೊಳ್ಳುತ್ತದೆ. ಕತ್ತರಿಸುವುದೆಲ್ಲ ಮನೆಯಲ್ಲೇ ಮುಗಿಸಿದರೆ ಗೋಡೆ ಹತ್ತಿರ ಕೆಲಸ ಬೇಗ ಆಗುತ್ತದೆ. ಪ್ಯಾರಿಸ್‌ನಲ್ಲಿ ಬ್ಲೆಕ್ ಲ ರಾ ಅನ್ನುವ ಕಲಾವಿದರು 1981ರಿಂದಲೇ ಇಲಿಗಳ ಸ್ಟೆನ್ಸಿಲ್ ಹೊಡೆಯುತ್ತಿದ್ದರು. ಪೊಲೀಸರು ಬರುವಷ್ಟರಲ್ಲಿ ಜಾಗ ಖಾಲಿ ಮಾಡಬೇಕಾದವರಿಗೆ ಸ್ಟೆನ್ಸಿಲ್ ಹೇಳಿ ಮಾಡಿಸಿದ ಹಾಗಿದೆ.

ಇನ್ನೊಬ್ಬರು: ಹಾಗಾದರೆ ಅನುಮತಿ ಇಲ್ಲದೆ ರಾತ್ರಿ ಹೋಗಬಹುದಾ?

ಉತ್ತರ: ನಾನು ಹೋಗಿ ಅನ್ನುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಅದು ಅಪರಾಧ. ಬರೀ ದಂಡಕ್ಕೇ ಮುಗಿಯುತ್ತದೆ ಅಂತಲೂ ಇಲ್ಲ. 1983ರಲ್ಲಿ ನ್ಯೂಯಾರ್ಕ್ ಸಬ್‌ವೇ ಸ್ಟೇಷನ್ನಿನಲ್ಲಿ ಗೋಡೆಗೆ ಬರೆದ ಆರೋಪದ ಮೇಲೆ ಹಿಡಿದ ಮೈಕೇಲ್ ಸ್ಟೀವರ್ಟ್ ಪೊಲೀಸರ ವಶದಲ್ಲಿದ್ದಾಗಲೇ ಕೋಮಾಗೆ ಹೋದ, ಮತ್ತೆ ಏಳಲಿಲ್ಲ. 25 ವರ್ಷ ಅವನಿಗೆ. ಪೊಲೀಸರನ್ನು ಬಿಟ್ಟರೂ ಕತ್ತಲಲ್ಲಿ ಏಣಿ ಇದೆ, ರೈಲು ಹಳಿ ಇದೆ. ಓಡುವಾಗ ಯಾರೂ ಕಾಲ ಕೆಳಗೆ ನೋಡುವುದಿಲ್ಲ.

ಪ್ರಶ್ನೆ: ಅನುಮತಿ ಇದ್ದೂ ಮಾಲೀಕರು ಸುಣ್ಣ ಬಳಿದರೆ?

ಉತ್ತರ: ನ್ಯೂಯಾರ್ಕಿನಲ್ಲಿ ಗೋಡೆ ಚಿತ್ರಗಳಿಗೇ ಹೆಸರಾಗಿದ್ದ ಕಟ್ಟಡ ಫೈವ್ ಪಾಯಿಂಟ್ಜ್‌ನಲ್ಲಿ ಹಾಗೇ ಆಯಿತು. ಮಾಲೀಕರೇ ಬಿಡಿಸಲು ಬಿಟ್ಟಿದ್ದ ಚಿತ್ರಗಳ ಮೇಲೆ 2013ರಲ್ಲಿ ಒಂದೇ ರಾತ್ರಿ ಬಿಳಿ ಬಳಿಸಿದರು. 21 ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 67.5 ಲಕ್ಷ ಡಾಲರ್ ಕೊಡಿ ಅಂತ ತೀರ್ಪು ಬಂತು. ಕಲಾವಿದರ ಹಕ್ಕಿಗೆ ಅಲ್ಲಿ 1990ರ ಕಾನೂನಿತ್ತು, ಎಲ್ಲ ಕಡೆ ಇರುವುದಿಲ್ಲ. ಬಾಯಿಮಾತು ಬೇಡ. ಎಷ್ಟು ವರ್ಷ ಉಳಿಸುತ್ತಾರೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ, ಮುಗಿದ ದಿನವೇ ಫೋಟೋ ತೆಗೆದಿಡಿ.

ಪ್ರಶ್ನೆ: ಮಾಸ್ಕ್ ಆರ್ಡರ್ ಮಾಡಿದೆ ಮೇಡಂ. ಆದರೆ ಪಟ್ಟಿ ಬಿಟ್ಟರೂ 'ಠ' ಹರಿದೇ ಹೋಯಿತು.

ಉತ್ತರ: ಕೂದಲೆಳೆಯಷ್ಟು ಬಿಟ್ಟಿರುತ್ತೀರಿ. ಬೆಂಕಿಕಡ್ಡಿಗಿಂತ ದಪ್ಪ ಇರಲಿ. ಹಾಳೆಯ ಫೋಟೋ ಹಾಕಿ, ನೋಡೋಣ.