ಒಲಿವಿಯಾ ಜೂಲ್ಸ್ ಓದಿದವರು ಇದ್ದೀರಾ? ಅಕ್ಕನಿಗೆ ಕೊಡಬಹುದಾ?

ಮೈಸೂರಿನ ತಂಗಿ:
ಅಕ್ಕನ ಸ್ಕೂಟರಿಗೆ ಲಾರಿ ತಾಗಿ ಕಾಲು ಮುರಿದಿದೆ. ಒಳಗೆ ರಾಡ್ ಹಾಕಿದ್ದಾರೆ, ಆರು ವಾರ ಮಂಚ ಬಿಟ್ಟು ಏಳುವ ಹಾಗಿಲ್ಲ. ಬ್ರಿಜೆಟ್ ಜೋನ್ಸ್ ಅವಳಿಗೆ ತುಂಬಾ ಇಷ್ಟ. ಅದನ್ನು ಬರೆದ ಹೆಲೆನ್ ಫೀಲ್ಡಿಂಗ್ ಅವರದ್ದೇ ಇನ್ನೊಂದು ಕಾದಂಬರಿ ಇದೆಯಲ್ಲ, 'ಒಲಿವಿಯಾ ಜೂಲ್ಸ್ ಅಂಡ್ ದಿ ಓವರ್‌ಆಕ್ಟಿವ್ ಇಮ್ಯಾಜಿನೇಷನ್', ಪತ್ರಕರ್ತೆಯೊಬ್ಬಳು ಗೂಢಚಾರಿಣಿ ಆಗುವ ತಮಾಷೆ ಕಥೆ, ಅದನ್ನು ತರಿಸೋಣ ಅಂತಿದ್ದೇನೆ. ಓದಿದರೆ ಮನಸ್ಸು ಹಗುರ ಆಗುತ್ತಾ? ರಾತ್ರಿ ಬೆಚ್ಚಿಬೀಳುವಂಥದ್ದು ಏನಾದರೂ ಇದೆಯಾ?

ಹಳೇ ವರದಿಗಾರ್ತಿ:
ಕಣ್ಣು ಮುಚ್ಚಿಕೊಂಡು ತರಿಸಿ. ಹದಿನಾಲ್ಕು ವರ್ಷ ಪತ್ರಿಕೆಯಲ್ಲಿ ದುಡಿದವಳು ನಾನು. ಒಲಿವಿಯಾಗೆ ಕಲ್ಪನೆ ಜಾಸ್ತಿ ಅಂತ ಸಂಪಾದಕ ಅವಳ ಸುದ್ದಿ ನಂಬುವುದಿಲ್ಲ. ಫೇಸ್ ಕ್ರೀಮ್ ಬಿಡುಗಡೆ ಬರಿ ಅಂತ ಮಯಾಮಿಗೆ ಕಳಿಸುತ್ತಾನೆ. ನನಗೂ ಇದೇ ಆಗಿದೆ. ಒಂದು ವಸತಿಶಾಲೆಯ ಅಕ್ಕಿ ಲೆಕ್ಕದ ಸುದ್ದಿ ತಂದಿದ್ದೆ. ರಿಜಿಸ್ಟರಿನಲ್ಲಿ 212 ಮಕ್ಕಳು. ಊಟದ ಪಂಕ್ತಿಯಲ್ಲಿ ನಾನೇ ನಿಂತು ಎಣಿಸಿದ್ದು 140. ಎರಡು ಸಲ ಎಣಿಸಿದ್ದೆ. 'ನಿನಗೆ ಕಲ್ಪನೆ ಜಾಸ್ತಿ' ಅಂತ ಹೇಳಿ ನನ್ನನ್ನು ಪುರವಣಿಗೆ ಹಾಕಿದರು. ಮರುವಾರ ಒಂದು ಹೋಟೆಲಿನಲ್ಲಿ ಕ್ರೀಮ್ ಬಿಡುಗಡೆ, 350 ಪದ ಬರೆದುಕೊಡಬೇಕಿತ್ತು. ಅವರು ಕೊಟ್ಟ ಡಬ್ಬಿಯ ಮುಚ್ಚಳ ನಾನು ತೆಗೆಯಲೇ ಇಲ್ಲ, ರಾಜೀನಾಮೆ ಕೊಡುವವರೆಗೂ ಡ್ರಾಯರಿನಲ್ಲೇ ಇತ್ತು. ಅದಕ್ಕೇ ಒಲಿವಿಯಾಳ ಅನುಮಾನ ಒಂದೊಂದೇ ನಿಜ ಆಗುತ್ತಾ ಹೋದಾಗ ನನಗೆ ಅಳು ಬಂತು. ಇದುವರೆಗೆ ಆರು ಜನಕ್ಕೆ ಈ ಪುಸ್ತಕ ಕೊಡಿಸಿದ್ದೇನೆ.

ಧಾರವಾಡದ ಓದುಗ:
ನನ್ನ ಅನುಭವ ಕೇಳಿ, ಆಮೇಲೆ ದುಡ್ಡು ಹಾಕಿ. ಮೊದಲು ಹಳೇ ಪ್ರತಿ ತರಿಸಿದೆ, 180 ರೂಪಾಯಿ, ಅಂಚೆಗೆ 60. ಹನ್ನೊಂದು ದಿನಕ್ಕೆ ಬಂತು. 96ರ ನಂತರ ಸೀದಾ 113ನೇ ಪುಟ! ವಾಪಸ್ ಕಳಿಸಲು ನನ್ನ ಕೈಯಿಂದಲೇ 75. ಅವರು ಹಿಂದಿರುಗಿಸಿದ್ದು ಬರೀ 180. ಎರಡನೇದು 340. ಅದರಲ್ಲಿ ಪುಟ ಎಲ್ಲಾ ಇದ್ದವು, ಆದರೆ ಗೆದ್ದಲು ತಿಂದು ಪ್ರತಿ ಪುಟದ ಮೂಲೆಯಲ್ಲೂ ತೂತು. ಒಟ್ಟು 475 ರೂಪಾಯಿ ಕೈಬಿಟ್ಟಿತು. ಇಷ್ಟೆಲ್ಲಾ ಆದ ಮೇಲೆ ಓದಿದರೆ ಮಯಾಮಿ, ಲಾಸ್ ಏಂಜಲಿಸ್, ಹೊಂಡುರಾಸ್, ಸುಡಾನ್ ಅಂತ ಸುತ್ತಿಸಿ ಕೊನೆಗೆ ಆಸ್ಕರ್ ಸಮಾರಂಭಕ್ಕೆ ತಂದು ನಿಲ್ಲಿಸುತ್ತಾರೆ. ಬ್ರಿಜೆಟ್ ಕೋಣೆಯಲ್ಲಿ ಕೂತೇ ನಗಿಸುತ್ತಿದ್ದಳು, ಅಲ್ವಾ?

ಹಳೇ ವರದಿಗಾರ್ತಿ:
ರೀ ಸರ್, ಕೊನೆ ಯಾಕೆ ಹೇಳಿದಿರಿ? ಓದಬೇಕು ಅಂತಿರುವವರು ಕೇಳುತ್ತಿದ್ದಾರೆ. ಗೆದ್ದಲು ತಿಂದಿದ್ದಕ್ಕೆ ಲೇಖಕಿ ಏನು ಮಾಡಬೇಕು?

ಧಾರವಾಡದ ಓದುಗ:
475 ನೀವು ಕೊಡಿ ಮೇಡಂ, ಆಮೇಲೆ ನಾನು ಬಾಯಿ ಮುಚ್ಚುತ್ತೇನೆ.

ತುಮಕೂರಿನ ಅಣ್ಣ:
ಈ ಪುಸ್ತಕ ನಾನು ಅರ್ಧಕ್ಕೇ ನಿಲ್ಲಿಸಿದೆ. ನಿಲ್ಲಿಸಿದ್ದು ಸರಿ ಅಂತ ಇವತ್ತೂ ಹೇಳುತ್ತೇನೆ. ಒಲಿವಿಯಾ ಪಾರ್ಟಿಯಲ್ಲಿ ಒಬ್ಬ ಚೆಲುವನನ್ನು ನೋಡಿ, ಇವನೇ ಒಸಾಮಾ ಬಿನ್ ಲಾಡೆನ್ ಇರಬೇಕು ಅಂದುಕೊಳ್ಳುತ್ತಾಳೆ. ಅದನ್ನು ಓದಿ ನಗಬೇಕಂತೆ. ಪುಸ್ತಕ ಬಂದದ್ದು 2003ರಲ್ಲಿ. 2001ರ ಸೆಪ್ಟೆಂಬರ್ 11ರಂದು ನನ್ನ ತಮ್ಮ ನ್ಯೂಯಾರ್ಕಿನಲ್ಲಿದ್ದ. ನಮಗೆ ಫೋನ್ ಸಿಕ್ಕಿದ್ದು ಹತ್ತೊಂಬತ್ತು ಗಂಟೆ ಆದ ಮೇಲೆ. ಅಷ್ಟು ಹೊತ್ತೂ ಅಮ್ಮ ಟಿವಿ ಮುಂದೆ ಅಕ್ಕಿ ಆರಿಸುತ್ತಾ ಕೂತಿದ್ದರು. ಆರಿಸಿದ್ದನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸುತ್ತಿದ್ದರು. ಕಾದಂಬರಿಯಲ್ಲಿ ಹಡಗು ಸ್ಫೋಟ ಬಂದ ಕೂಡಲೇ ನನಗೆ ಆ ಮೊರ ಕಾಣಿಸಿತು.

ಹಳೇ ವರದಿಗಾರ್ತಿ:
ಅಣ್ಣಾ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಆ ಭಯದಲ್ಲಿ ಬದುಕುತ್ತಿದ್ದ ಜನರಿಗೇ ಬರೆದ ಪುಸ್ತಕ ಅದು. ಗಾಬರಿ ಬೀಳಬೇಡ, ನಿಲ್ಲು, ಉಸಿರಾಡು, ಯೋಚಿಸು ಅನ್ನುವುದೇ ಒಲಿವಿಯಾಳ ಮೊದಲ ನಿಯಮ.

ತುಮಕೂರಿನ ಅಣ್ಣ:
ಆ ಹತ್ತೊಂಬತ್ತು ಗಂಟೆಯಲ್ಲಿ ಬಂದು ಹೇಳಬೇಕಿತ್ತು ನೀವು.

ನಾಟಿಂಗ್‌ಹ್ಯಾಮ್ ಕನ್ನಡತಿ:
ಒಲಿವಿಯಾ ನಮ್ಮ ಕಡೆಯ ಹುಡುಗಿ. ಅವಳ ಊರು ವರ್ಕ್‌ಸಪ್ ನಮ್ಮ ಕೌಂಟಿಯಲ್ಲೇ ಇದೆ. ಹುಟ್ಟು ಹೆಸರು ರೇಚಲ್ ಪಿಕ್ಸ್ಲಿ. ಹದಿನಾಲ್ಕನೇ ವಯಸ್ಸಿನಲ್ಲಿ ಜೀಬ್ರಾ ಕ್ರಾಸಿಂಗ್ ಹತ್ತಿರ ಅಪ್ಪ, ಅಮ್ಮ, ಒಡಹುಟ್ಟಿದವನು ಮೂವರೂ ಲಾರಿಗೆ ಸಿಕ್ಕಿ ಹೋದರು. ಆಮೇಲೆ ಅವಳೇ ಹೊಸ ಹೆಸರು ಇಟ್ಟುಕೊಂಡಳು. ಜೂಲ್ ಅಂದರೆ ಶಕ್ತಿಯನ್ನು ಅಳೆಯುವ ಮಾನ ತಾನೇ! ನಾನಿಲ್ಲಿ ನರ್ಸ್. ಕೆಲಸಕ್ಕೆ ಸೇರಿದ ವಾರವೇ ನನ್ನ ಆರಕ್ಷರದ ಹೆಸರು ಕಷ್ಟ ಅಂತ ಎರಡಕ್ಷರ ಮಾಡಿ ಬ್ಯಾಡ್ಜ್ ಕೊಟ್ಟರು. ನಾಲ್ಕು ವರ್ಷ ಅದನ್ನೇ ಹಾಕಿಕೊಂಡೆ. ಒಲಿವಿಯಾ ತನ್ನ ಹೆಸರು ತಾನೇ ಆರಿಸಿಕೊಂಡಳು, ನನ್ನದನ್ನು ಬೇರೆಯವರು ಕತ್ತರಿಸಿದರು. ಪುಸ್ತಕ ಮುಗಿಸಿದ ವಾರ ಅರ್ಜಿ ಕೊಟ್ಟೆ. ಮೂರು ಸಲ ತಪ್ಪು ಅಚ್ಚು ಮಾಡಿ ಕಳಿಸಿದರು, ನಾಲ್ಕನೇ ಸಲಕ್ಕೆ ಪೂರ್ತಿ ಹೆಸರು ಬಂತು. ಆ ಬ್ಯಾಡ್ಜ್ ಈಗ ನನ್ನ ಎದೆ ಮೇಲಿದೆ.

ಗಾಂಧಿನಗರದ ಹಳೇ ಪ್ರೇಕ್ಷಕ:
ಗೂಢಚಾರಿ ಕಥೆಗೆ ಇಂಗ್ಲೆಂಡಿಗೆ ಯಾಕೆ ಹೋಗಬೇಕು? 1968ರಲ್ಲೇ ನಮ್ಮಲ್ಲಿ 'ಜೇಡರ ಬಲೆ' ಬಂತು, ಅಣ್ಣಾವ್ರು ಸಿಐಡಿ 999. ಅಕ್ಕನಿಗೆ ಅದನ್ನು ಹಾಕಿಕೊಡಿ. ಒಂದು ರೂಪಾಯಿ ಖರ್ಚಿಲ್ಲ.

ನಾಟಿಂಗ್‌ಹ್ಯಾಮ್ ಕನ್ನಡತಿ:
ಅಣ್ಣಾವ್ರ ಮೇಲೆ ನನಗೂ ಪ್ರಾಣ. ಆದರೆ ಅಲ್ಲಿ ಗೂಢಚಾರ ಗಂಡಸು. ಇಲ್ಲಿ ಪೆನ್ನು ಹಿಡಿದ ಹೆಣ್ಣುಮಗಳು ಸಮುದ್ರಕ್ಕೆ ಧುಮುಕುತ್ತಾಳೆ. ಎರಡೂ ಒಂದೇನಾ?

ಗಾಂಧಿನಗರದ ಹಳೇ ಪ್ರೇಕ್ಷಕ:
ಆ ಚಿತ್ರದಲ್ಲಿ ಜಯಂತಿ ಇದ್ದಾರೆ ಕಣಮ್ಮಾ, ಮೊದಲು ನೋಡಿ ಮಾತಾಡಿ.

ಮೈಸೂರಿನ ತಂಗಿ:
ಒಂದು ನಿಮಿಷ. ಲಾರಿ ಅಪಘಾತ ಇದೆಯಾ ಪುಸ್ತಕದಲ್ಲಿ? ನಾನು ಕೇಳಿದ್ದೇ ಅಂಥದ್ದಕ್ಕೆ. ಅಕ್ಕ ಈಗಲೂ ರಸ್ತೆಯಲ್ಲಿ ಏರ್ ಹಾರ್ನ್ ಕೇಳಿದರೆ ಹೊದಿಕೆ ಹಿಡಿದುಕೊಳ್ಳುತ್ತಾಳೆ. ಯಾವ ಪುಟ?

ಧಾರವಾಡದ ಓದುಗ:
ನನ್ನ ಪ್ರತಿಯ ಪುಟ ಹೇಳಿ ಪ್ರಯೋಜನ ಇಲ್ಲ, ಒಂದೊಂದು ಮುದ್ರಣದಲ್ಲಿ ಒಂದೊಂದು.

ಹಳೇ ವರದಿಗಾರ್ತಿ:
ಅಯ್ಯೋ, ನೀವು ಲಾರಿ ಅಂತ ಬರೆದಿದ್ದು ನನ್ನ ಕಣ್ಣಿಗೇ ಬೀಳಲಿಲ್ಲ. ತಪ್ಪಾಯಿತಮ್ಮ. ಅದು ಉದ್ದ ಇಲ್ಲ. ಪುಸ್ತಕ ಬಂದ ಮೇಲೆ ಮೊದಲು ನೀವೇ ಓದಿ, ಆ ಭಾಗ ಬಿಟ್ಟು ಅಕ್ಕನಿಗೆ ಜೋರಾಗಿ ಓದಿ ಹೇಳಿ. ನನ್ನ ಹತ್ತಿರ ಏಳನೇ ಪ್ರತಿ ಇದೆ, ಗೆದ್ದಲು ಮುಟ್ಟಿಲ್ಲ. ಬೇಕಾದರೆ ನಾಳೆಯೇ ಅಂಚೆಗೆ ಹಾಕುತ್ತೇನೆ.

ಧಾರವಾಡದ ಓದುಗ:
ಸ್ಪೀಡ್ ಪೋಸ್ಟಿನಲ್ಲೇ ಹಾಕಿ. ಪುಟ ಎಲ್ಲಾ ಎಣಿಸಿ ಹಾಕಿ.