ಸೇವಂತಿಗೆ ಗಿಡ ಮೂರಡಿ, ಮೊಗ್ಗು ಸೊನ್ನೆ. ಡಿಸೆಂಬರ್ ಬಂತು, ಏನ್ ಹಾಕ್ಲಿ?

ತಾರಸಿಮಲ್ಲಿ (ಬೆಂಗಳೂರು), ಡಿ. 3
ತಲೆ ಕೆಟ್ಟು ಬರೀತಿದೀನಿ. ಹೂದಾನಿಗೆ ಅಂತಲೇ ಈ ಸಲ 14 ಕುಂಡ ಸೇವಂತಿಗೆ ಹಾಕಿದೆ, ಜೂನಲ್ಲಿ. ಎರಡು ಸಲ ಕುಡಿ ಚಿವುಟಿದೆ, ಕೋಲು ಕಟ್ಟಿದೆ, ಹೇನು ಬಂದಾಗ ಬೇವಿನೆಣ್ಣೆ ಹೊಡೆದೆ. ಎಲೆ ನೋಡಿದ್ರೆ ದೃಷ್ಟಿ ತಾಕ್ಬೇಕು, ಅಷ್ಟು ಕಡುಹಸಿರು. ಒಂದೇ ಒಂದು ಮೊಗ್ಗಿಲ್ಲ! ದೀಪಾವಳಿಗೆ ಮಾರಮ್ಮನ ಗುಡಿ ಹತ್ರ ಹೂ ಕೊಂಡು ತಂದೆ, ನಾಚಿಕೆಗೇಡು. ಬಿಸಿಲು, ನೀರು, ಗೊಬ್ಬರ ಎಲ್ಲಾ ಸರಿಯಾಗಿದೆ, ಅದನ್ನೇ ಮತ್ತೆ ಕೇಳ್ಬೇಡಿ. ಏನು ಹಾಕಿದ್ರೆ ಮೊಗ್ಗು ಬರುತ್ತೆ, ಅಷ್ಟು ಹೇಳಿ.

ಹಿಂಡಿಗೊಬ್ಬರ, ಡಿ. 3
ಕಡುಹಸಿರು ಅಂದ್ರಲ್ಲ ಸರ್, ಉತ್ತರ ಅಲ್ಲೇ ಇದೆ. ಸಾರಜನಕ ಜಾಸ್ತಿ. ಕಡ್ಲೆಕಾಯಿ ಹಿಂಡಿ ನೆನೆಸಿ ಹಾಕ್ತಿದೀರಾ? ನಿಲ್ಸಿ. 0:52:34 (ಸಾರಜನಕ ಇಲ್ಲದ ರಂಜಕ-ಪೊಟ್ಯಾಷ್ ಗೊಬ್ಬರ) ಲೀಟರಿಗೆ ಎರಡು ಗ್ರಾಂ, ವಾರಕ್ಕೊಂದು ಸಲ ಎಲೆ ಮೇಲೆ ಹೊಡೀರಿ.

ತಾರಸಿಮಲ್ಲಿ, ಡಿ. 3
ಸರ್ ಅಲ್ಲ, ಮೇಡಂ. ಹಿಂಡಿ ನೀರು ಹದಿನೈದು ದಿನಕ್ಕೊಮ್ಮೆ ಹಾಕ್ತೀನಿ. ಹೋದ ವರ್ಷವೂ ಅದನ್ನೇ ಹಾಕಿದ್ದು, ಕುಂಡಕ್ಕೆ ಮೂವತ್ತು ಹೂ ಬಂದಿತ್ತು.

ಕೊಟ್ಟಿಗೆಸೊಬಗು, ಡಿ. 4
ಮೊಗ್ಗು ಬರ್ಲಿ ಅಂತ ರಾಸಾಯನಿಕ ಉಪ್ಪು ಹೊಡೆಯೋ ಬುದ್ಧಿ ಹೇಳ್ಕೊಡ್ಬೇಡಿ. ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ನೀರು) ಕೊಡಿ, ಮಣ್ಣು ಸತ್ತಿರುತ್ತೆ.

ಹಿಂಡಿಗೊಬ್ಬರ, ಡಿ. 4
ಮಣ್ಣು ಸತ್ತಿದ್ರೆ ಗಿಡ ಮೂರಡಿ ಹೇಗೆ ಬಂತು ಸ್ವಾಮಿ? ಜೀವಾಮೃತದಲ್ಲಿರೋ ಗಂಜಲ ಏನು, ಅದೂ ಸಾರಜನಕವೇ.

(ಇದರ ಮೇಲೆ ಇಬ್ಬರದೂ ಹನ್ನೊಂದು ಉತ್ತರ. ನಿರ್ವಾಹಕರು ಬೇರೆ ಎಳೆಗೆ ಹಾಕಿದ್ದಾರೆ.)

ಡೇರೆಸಾಗರ, ಡಿ. 5
ಇದಕ್ಕೇ ನಾನು ಸೇವಂತಿಗೆ ಸಹವಾಸಕ್ಕೆ ಹೋಗಲ್ಲ ಮಾರಾಯ್ರೆ. ನಮ್ಮನೆ ಅಂಗಳದಲ್ಲಿ ಈ ಮಳೆಗಾಲ ಡೇರೆ ಹೂ (ಡೇಲಿಯಾ) 43 ಬಗೆ ಇತ್ತು. ತಟ್ಟೆಯಗಲದ ಬಿಳಿಯದಕ್ಕೆ ಮಳೆ ಹನಿ ತಾಗಬಾರದು ಅಂತ ಅಡಿಕೆ ದಬ್ಬೆ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದೆ. ಈಗ ಗಡ್ಡೆ ಎಲ್ಲಾ ಅಟ್ಟದ ಮೇಲೆ ಮಲಗಿವೆ. ಫೋಟೋ ಹಾಕಲಾ?

ತಾರಸಿಮಲ್ಲಿ, ಡಿ. 5
ಡೇರೆ ಹೂ ಹೂದಾನಿಯಲ್ಲಿ ನಾಲ್ಕು ದಿನಕ್ಕೆ ತಲೆ ಬಾಗುತ್ತೆ. ನನಗೆ ಎರಡು ವಾರ ನಿಲ್ಲೋದು ಬೇಕು. ಇನ್ನೊಂದು ವಿಷಯ: ನೀರಿನ ಟ್ಯಾಂಕ್ ಹಿಂದೆ ಒಂದು ಕುಂಡ ಇತ್ತು, ಬಡಕಲು ಅಂತ ಬಿಟ್ಟಿದ್ದೆ, ಗೊಬ್ಬರವನ್ನೂ ಹಾಕಿರ್ಲಿಲ್ಲ. ಇವತ್ತು ನೋಡಿದ್ರೆ ಅದ್ರಲ್ಲಿ ಹೂ! ಮುತ್ತಿನಂಥ ಆರು ಹಳದಿ ಹೂ. ಹೊಟ್ಟೆ ಉರೀತು.

ಹಿಂಡಿಗೊಬ್ಬರ, ಡಿ. 5
ನೋಡಿ! ಗೊಬ್ಬರ ಬೀಳದ ಗಿಡವೇ ಹೂ ಬಿಟ್ಟಿದೆ. ಇನ್ನೇನು ಸಾಕ್ಷಿ ಬೇಕು?

ಕುಂಡಪ್ಪ, ಡಿ. 6
ಹಾಗಿದ್ರೆ ಅದೇ ಹಿಂಡಿ ತಿಂದ ಬೇರೆ ಗಿಡಗಳ ಕತೆ ಏನು? ಪಕ್ಕದಲ್ಲಿ ಗುಲಾಬಿ ಇದೆಯಾ ಮೇಡಂ?

ತಾರಸಿಮಲ್ಲಿ, ಡಿ. 6
ಇದೆ, ಐದು. ಅದೇ ಹಿಂಡಿ ನೀರೇ. ಬೇಡ ಅಂದ್ರೂ ಹೂ ಬಿಡ್ತಿದೆ.

ಬೆಳಗೊಳದೋಟ (ಚಿಕ್ಕಬಳ್ಳಾಪುರ ಕಡೆ), ಡಿ. 6
ಅಕ್ಕ, ರಾತ್ರಿ ಒಂಬತ್ತು ಗಂಟೆಗೆ ತಾರಸಿ ಮೇಲೆ ಹೋಗಿ ಒಂದು ಫೋಟೋ ತೆಗೀರಿ. ಫ್ಲಾಶ್ ಹಾಕ್ಬೇಡಿ.

ತಾರಸಿಮಲ್ಲಿ, ಡಿ. 6
ಫ್ಲಾಶ್ ಯಾಕೆ, ಹಗಲಿನ ಹಾಗೇ ಇರುತ್ತೆ. ಆಗಸ್ಟಲ್ಲಿ ಮೋಟಾರಿನ ವೈರು ಕಳುವಾಯ್ತು, ಆಮೇಲೆ ನಮ್ಮವರು ಕ್ಯಾಮೆರಾ ಹಾಕಿಸಿ 50 ವಾಟಿನ ಫ್ಲಡ್ ಲೈಟು ಕೂರಿಸಿದ್ರು. ಸಂಜೆಯಿಂದ ಬೆಳಗಿನವರೆಗೂ ಉರೀತದೆ. ಅದಕ್ಕೂ ಹೂವಿಗೂ ಏನು ಸಂಬಂಧ?

ಬೆಳಗೊಳದೋಟ, ಡಿ. 7
ಸಂಬಂಧ ಪೂರ್ತಿ ಅದೇ ಅಕ್ಕ. ರಾತ್ರಿ ವಿಮಾನದಲ್ಲಿ ದೇವನಹಳ್ಳಿಗೆ ಇಳಿಯೋವಾಗ ಕೆಳಗೆ ಬಲ್ಬಿನ ಚೌಕ ಚೌಕ ಹೊಲ ಕಾಣುತ್ತಲ್ಲ, ಅದು ನಮ್ಮಂಥವರ ಸೇವಂತಿಗೆ. ಈ ಗಿಡಕ್ಕೆ ರಾತ್ರಿ ಉದ್ದ ಇದ್ರೇನೇ ಮೊಗ್ಗು ಕಟ್ಟೋದು. ಬೆಂಗಳೂರಲ್ಲಿ ಜೂನಲ್ಲೂ ಹಗಲು 13 ಗಂಟೆ ಮುಟ್ಟಲ್ಲ, ಅಂದ್ರೆ ಬಿಟ್ಟರೆ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿ ಕೂತ್ಕೊಳುತ್ತೆ. ಮಾರ್ಕೆಟ್‌ನಲ್ಲಿ ಅಂಥ ಕಡ್ಡಿ ಯಾರಿಗೆ ಬೇಕು? ಅದಕ್ಕೆ ನಾಟಿ ಮಾಡಿ ಒಂದು ತಿಂಗಳು ನಡುರಾತ್ರಿ ಮೂರ್ನಾಲ್ಕು ಗಂಟೆ ಲೈಟು ಹಾಕಿ ಗಿಡಕ್ಕೆ ಮೋಸ ಮಾಡ್ತೀವಿ, ಎತ್ತರ ಬಂದ ಮೇಲೆ ಸ್ವಿಚ್ ಆರಿಸ್ತೀವಿ. ನೀವು ಆರಿಸೋದು ಮರ್ತಿದೀರಿ, ಅಷ್ಟೇ. ಟ್ಯಾಂಕ್ ಹಿಂದೆ ಕತ್ತಲೆ ಇತ್ತು, ಬಡಕಲು ಗಿಡ ಗೆದ್ದಿತು. ಗುಲಾಬಿಗೆ ಈ ಲೆಕ್ಕ ಇಲ್ಲ.

ಇವತ್ತಿಂದ ಕತ್ತಲೆ ಕೊಟ್ರೆ ಎಂಟರಿಂದ ಹತ್ತು ವಾರಕ್ಕೆ ಹೂ. ಮತ್ತೆ ಚಿವುಟ್ಬೇಡಿ. ಹೂದಾನಿಗೆ ಕೊಯ್ಯುವಾಗ ಬುಡದ ಕಟ್ಟಿಗೆಯಾದ ಭಾಗ ಬಿಟ್ಟು ಮೇಲೆ ಕೊಯ್ರಿ, ಅದು ನೀರು ಎಳೆಯಲ್ಲ. ನೀರಲ್ಲಿ ಮುಳುಗೋ ಎಲೆ ಎಲ್ಲಾ ತೆಗೀರಿ.

ಹಿಂಡಿಗೊಬ್ಬರ, ಡಿ. 7
ಹಾಗಾದ್ರೆ ಹುಣ್ಣಿಮೆಗೂ ಹೂ ನಿಲ್ಲಬೇಕಲ್ಲ?

ಕುಂಡಪ್ಪ, ಡಿ. 7
ಹುಣ್ಣಿಮೆ ಬೆಳಕು ಅರ್ಧ ಲಕ್ಸ್ (ಬೆಳಕಿನ ಅಳತೆ) ಕೂಡ ಇಲ್ಲ ಸರ್. ಫ್ಲಡ್ ಲೈಟಿನ ಕೆಳಗೆ ಪೇಪರ್ ಓದಬಹುದು. ಬಿಡಿ ಇನ್ನು.

ಡೇರೆಸಾಗರ, ಡಿ. 8
ಫೋಟೋ ಹಾಕಿದೀನಿ, ಯಾರೂ ನೋಡ್ಲಿಲ್ಲ. ಆ ಬಿಳಿಯದಕ್ಕೆ ಹೆಸರು ಗೊತ್ತಿದ್ದವರು ಹೇಳಿ.

ತಾರಸಿಮಲ್ಲಿ, ಜ. 19
ಲೈಟು ಆರಿಸೋ ಮಾತೆತ್ತಿದ್ರೆ ನಮ್ಮವರು "ಹೂ ಮುಖ್ಯವೋ ಮೋಟಾರ್ ಮುಖ್ಯವೋ" ಅಂದ್ರು. ಹದಿನೈದು ದಿನ ಜಗಳ ಆಡಿ ಒಂದು ರಾಜಿ ಆಯ್ತು, ಯಾರಾದ್ರೂ ಓಡಾಡಿದ್ರೆ ಮಾತ್ರ ಹತ್ತೋ ಸೆನ್ಸರ್ ಲೈಟು. ಅಲ್ಲೀತನಕ ಸುಮ್ನೆ ಇರ್ಲಿಲ್ಲ, ಒಂಬತ್ತು ಕುಂಡ ಡಿ. 8ಕ್ಕೇ ಟ್ಯಾಂಕ್ ಹಿಂದಕ್ಕೆ ಎಳೆದಿದ್ದೆ, ಸೊಂಟ ಹಿಡ್ಕೊಂಡಿತು. ಆ ಒಂಬತ್ತರಲ್ಲೂ ಮೊಗ್ಗು, ಕಾಳುಮೆಣಸಿನ ಗಾತ್ರದಿಂದ ಕಡಲೆಕಾಳಿನ ಗಾತ್ರಕ್ಕೆ ಬಂದಿವೆ. ಮೆಟ್ಟಿಲ ಹತ್ರ ಉಳಿದ ನಾಲ್ಕರಲ್ಲಿ ಇನ್ನೂ ಬರೀ ಎಲೆ.

ಹಿಂಡಿಗೊಬ್ಬರ, ಜ. 19
0:52:34 ಹೊಡೆದ್ರಾ? ನಾನು ಹೇಳಿದ್ದೆ.

ತಾರಸಿಮಲ್ಲಿ, ಜ. 19
ಹದಿಮೂರಕ್ಕೂ ಹೊಡೆದಿದ್ದೆ ಸರ್. ಆ ನಾಲ್ಕಕ್ಕೂ.

ಕುಂಡಪ್ಪ, ಜ. 20
ಸೆನ್ಸರ್ ಲೈಟು ಎಷ್ಟಕ್ಕೆ ಬಿತ್ತು ಮೇಡಂ? ಬೆಕ್ಕು ಹಾದ್ರೂ ಹತ್ತುತ್ತಾ?